ಮೈಸೂರಿಗೆ ಒಂದೇ ಬೆಟ್ಟ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯರಾದ ವಿಶ್ವನಾಥ್ ಸರ್ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಡ್ರಾಯಿಂಗ್ ಮೇಡಂ ಪ್ರೇಮಲೀಲಾ ಅವರೇ, ವೇದಿಕೆಯ ಗಣ್ಯರೇ, ಬಿಸಿಲಲ್ಲಿ ಕೂತಿರುವ ಮಕ್ಕಳೇ, ಸಭಿಕರೇ,

ನಿರೂಪಕರು ನನ್ನನ್ನು ‘ಹಳೆಯ ವಿದ್ಯಾರ್ಥಿ ಬೀರೇಶ್’ ಎಂದರು. ಅದು ಪೂರ್ತಿ ನಿಜವಲ್ಲ. ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಈಗ ಅಂಗಡಿಗಳ ಬೋರ್ಡು ಬರೆಯುತ್ತೇನೆ.

ಎಂಟನೇ ತರಗತಿಯಲ್ಲಿದ್ದಾಗ, ಒಂದು ಮಾರ್ಚ್‌ನಲ್ಲಿ, ಮೇಡಂ ವಸಂತಕಾಲದ ಚಿತ್ರ ಬರೆಯಲು ಹೇಳಿದರು. ನಾವೆಲ್ಲ ಬರೆದದ್ದು ಒಂದೇ ಸೀನರಿ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ. ಮೇಡಂ ನಕ್ಕುಬಿಟ್ಟರು.

“ಮೈಸೂರಲ್ಲಿರೋದು ಒಂದೇ ಬೆಟ್ಟ ಕಣ್ರೋ! ಇನ್ನೊಂದನ್ನ ಎಲ್ಲಿಂದ ಹೊತ್ಕೊಂಡ್ ಬಂದ್ರಿ? ನಮ್ಮ ಸಿದ್ಧಾರ್ಥನಗರದಲ್ಲಿ ನಿಂತ್ರೆ ಸೂರ್ಯ ಬೆಟ್ಟದ ಕಡೆ ಹುಟ್ಟೋದೂ ಇಲ್ಲ. ಏಳಿ, ಹೊರಗೆ ಬನ್ನಿ.”

ಗೇಟಿನಾಚೆಯ ಹೊಂಗೆ ಮರದ ಕೆಳಗೆ ಕೂರಿಸಿದರು. ನಾನು ಚಿಗುರಿಗೆ ಕಡು ಹಸಿರು ಬಳಿದೆ.

“ನೋಡಿ ಬಳಿದ್ಯೋ, ಅಭ್ಯಾಸಕ್ಕೆ ಬಳಿದ್ಯೋ?”

“ಅಭ್ಯಾಸಕ್ಕೆ, ಮೇಡಂ.”

“ಭೇಷ್, ಸುಳ್ಳು ಹೇಳ್ಲಿಲ್ವಲ್ಲ! ಈಗ ಯಾವ ಬಣ್ಣ ಅಂತ ಆ ಎಲೇನೇ ಕೇಳು.”

ಬಿಸಿಲು ಹಿಂದಿನಿಂದ ಬಿದ್ದಾಗ ಆ ಎಲೆ ನಿಂಬೆಹಣ್ಣಿನ ಬಣ್ಣಕ್ಕಿತ್ತು. ಬೆಂಚಿನ ಮೇಲೆ ಒಂದು ಗಳಿಗೆಯೂ ಕೂರದ ನಾನು, ಅವತ್ತು ಬೆಲ್ ಹೊಡೆದದ್ದೂ ಕೇಳಿಸದೆ ಕೂತಿದ್ದೆ.

ಶಾಲೆ ಬಿಟ್ಟ ಮೇಲೆ ಬಂದ ಮಾರ್ಚ್‌ನಲ್ಲಿ, ಗುರುವಾರ ಡ್ರಾಯಿಂಗ್ ಪೀರಿಯಡ್ ಹೊತ್ತಿಗೆ, ಅದೇ ಮರದ ಕೆಳಗೆ ಬಂದು ಕೂತೆ. ಒಳಗೆ ಬರಲು ನಾಚಿಕೆ. ಮರುವಾರ ಮೇಡಂ ಇಡೀ ತರಗತಿಯನ್ನೇ ಹೊರಗೆ ಕರೆತಂದರು. “ಒಳಗೆ ನೆರಳು ಸಾಲ್ದು ಕಣಪ್ಪ” ಎಂದು ನನಗೂ ಒಂದು ಹಾಳೆ ಕೊಟ್ಟರು. ಒಳಗೆ ಬೇಕಾದಷ್ಟು ನೆರಳಿತ್ತು, ಸಭಿಕರೇ. ಅದು ನನಗೆ ಅರ್ಥವಾಗುವಷ್ಟರಲ್ಲಿ ಹಲವು ವಸಂತಗಳು ಕಳೆದಿದ್ದವು.

ಈಗ ಮೇಡಂ ಜಾಗಕ್ಕೆ ಯಾರೂ ಬರುವುದಿಲ್ಲವಂತೆ. ನಾಳೆಯಿಂದ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುತ್ತದಂತೆ. ವೇದಿಕೆ ಹತ್ತುವ ಮುಂಚೆ ವಿಶ್ವನಾಥ್ ಸರ್, “ಅದೊಂದು ಬಿಟ್ಟು ಇನ್ನೇನ್ ಬೇಕಾದ್ರೂ ಮಾತಾಡಪ್ಪ” ಎಂದಿದ್ದರು. ಕ್ಷಮಿಸಿ ಸರ್, ನನಗೆ ಮಾತಾಡಲು ಬೇರೇನೂ ಇಲ್ಲ. ಗಣಿತ ಬೇಡವೇ? ಬೇಕು. ಬೋರ್ಡಿನ ಅಳತೆ ತಪ್ಪಿದಾಗಲೆಲ್ಲ ನನಗದು ಗೊತ್ತಾಗುತ್ತದೆ. ಆದರೆ ವಾರಕ್ಕೊಂದು ಪೀರಿಯಡ್ ಕಣ್ಣಿಗೂ ಬೇಡವೇ?

ನಾಳೆ ಗುರುವಾರ. ಹೊಂಗೆ ಚಿಗುರಿದೆ. ಪಾಠ ಮಾಡಲು ನನ್ನ ಬಳಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಲ್ಲ. ಮೇಡಂ ಬರುತ್ತೇನೆ ಎಂದಿದ್ದಾರೆ. ನಾನು ಪೆನ್ಸಿಲ್ ಚೂಪು ಮಾಡಿಕೊಡುತ್ತೇನೆ. ಮರದ ಕೆಳಗೆ ಇಬ್ಬರೂ ಕೂತಿರುತ್ತೇವೆ. ಮಕ್ಕಳಿಗೆ ಗೇಟು ತೆಗೆಸುವುದು ಮಾತ್ರ ನಿಮ್ಮ ಕೈಯಲ್ಲಿದೆ, ಸರ್.

ಇಷ್ಟು ಹೊತ್ತು ಮೈಕ್ ಆಫ್ ಮಾಡಿಸದೆ ಕೇಳಿದ್ದಕ್ಕೆ ತಮಗೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.