ದೋಣಿ ನಾಗರಾಜಪ್ಪನ ಕೋಟು

ನಗುವುದಿದ್ದರೆ ಈಗಲೇ ನಕ್ಕುಬಿಡಿ... ಆಮೇಲೆ ಆಗುವುದಿಲ್ಲ.

ನಮ್ಮ ಪಕ್ಕದ ಮನೆಯ ಭೀಮೇಶ್ ಅವತ್ತು ಕೊನೇ ಬಸ್ಸಿಳಿದು ಕತ್ತಲಗೆರೆಯ ಹಾಳುಬಾವಿ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಹೆಗಲ ಮೇಲೆ ಸುರುಳಿ ಸುತ್ತಿದ ಫ್ಲೆಕ್ಸು. ಸೂಳೆಕೆರೆಯಲ್ಲಿ ಮೀನು ಹಿಡಿಯಲು ಹೋಗಿ ಮುಳುಗಿ ಸತ್ತ ದೋಣಿ ನಾಗರಾಜಪ್ಪನ ಶ್ರದ್ಧಾಂಜಲಿ ಅದು. ಬೆಳಗಾದರೆ ತಿಥಿ. "ಅಪ್ಪನ ಹೆಸ್ರು ಊರೆಲ್ಲ ಓದ್ಬೇಕು, ತಪ್ಪಿಲ್ದಂಗೆ ಹಾಕಣ್ಣ" ಎಂದು ಮಗಳು ರುದ್ರಾಣಿ ಕೈಮುಗಿದು ಹೇಳಿದ್ದಳು.

ಈ ಸೋಮಾರಿ ಮಾಡಿದ್ದೇನು ಗೊತ್ತೇ? ಅವನು ಕೆಲಸಕ್ಕಿದ್ದ ಚನ್ನಗಿರಿಯ ಫ್ಲೆಕ್ಸ್ ಅಂಗಡಿಯಲ್ಲಿ ಮಾಲೀಕ ತೌಸಿಫ್ ಕಂಪ್ಯೂಟರಿಗೆ ಮ್ಯಾಕ್ರೋ ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದ. ಹೆಸರು, ಊರು ಒಂದೇ ಸಾಲಿನಲ್ಲಿ ಟೈಪ್ ಮಾಡಿದರೆ ಫ್ಲೆಕ್ಸು ತಾನೇ ತಯಾರು. ಆದರೆ ಅದಕ್ಕೆ ಬುದ್ಧಿ ಎಲ್ಲಿಂದ ಬರಬೇಕು? ನಡುವೆ ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ, ಮೊದಲ ತುಂಡು ಹೆಸರು, ಎರಡನೆಯದು ಊರು ಅಂದುಕೊಳ್ಳುತ್ತದೆ. ಎರಡು ಪದದ ಹೆಸರಾದರೆ ಆ ಕಡೆ ಈ ಕಡೆ ಉದ್ಧರಣ ಚಿಹ್ನೆ ಹಾಕಬೇಕು. ಭೀಮೇಶ್ ಹಾಕಲಿಲ್ಲ. 'ಹೆಸರು: ದೋಣಿ. ಊರು: ನಾಗರಾಜಪ್ಪ' ಎಂದು ಬಂತು.

ತೌಸಿಫ್‌ಗೆ ಫೋನ್ ಮಾಡಿದ.

"ಹೆಸ್ರಲ್ಲಿ ಸ್ಪೇಸ್ ಐತಲ್ಲೋ, ಕೋಟ್ ಹಾಕು. ಎರಡೂ ಕಡೆ ಸರಿಯಾಗಿ ಹಾಕು" ಎಂದು ತೌಸಿಫ್ ಫೋನಿಟ್ಟ.

ಆ ಚಿಹ್ನೆಗೇ ಕೋಟ್ ಅನ್ನುತ್ತಾರೆಂದು ಇವನಿಗೆ ಗೊತ್ತಿದ್ದರಲ್ಲವೇ! ಪಾಸ್‌ಪೋರ್ಟ್ ಫೋಟೋಗಳಿಗೆ ಕಂಪ್ಯೂಟರಿನಲ್ಲೇ ಅಂಟಿಸುವ ಕರೀ ಕೋಟಿನ ಚಿತ್ರ ತಂದು ಫೋಟೋದಲ್ಲಿ ಬರಿಮೈಯಲ್ಲಿದ್ದ ನಾಗರಾಜಪ್ಪನಿಗೆ ತೊಡಿಸಿದ, ಟೈ ಸಮೇತ. ಹೆಸರು ಮಾತ್ರ ಹಾಗೇ ಎರಡು ತುಂಡು. ನೋಡಿದ... "ಯಾರು ಓದ್ತಾರೆ ಬಿಡು" ಎಂದು ಪ್ರಿಂಟ್ ಕೊಟ್ಟ. ಥೂ! ಸತ್ತವರ ಹೆಸರೆಂದರೆ ಇಷ್ಟು ಉದಾಸೀನವೇ? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಾವಿ ದಾಟಿದ. ಹಿಂದೆ... ಪಚಕ್... ಪಚಕ್... ಒದ್ದೆ ಕಾಲಿನ ಸದ್ದು. ತೊಟ್... ತೊಟ್... ನೀರು ಸೋರುವ ಸದ್ದು. ಕೊಳೆತ ಮೀನಿನ ನಾತ ಮೂಗಿಗೆ ಬಡಿಯಿತು.

"ದೋಣಿ..." ಎಂದಿತು ಒಂದು ಪಿಸುದನಿ. ಗಂಟಲಲ್ಲಿ ನೀರು ಗೊಳಗೊಳ ಎಂದಿತು. "...ನಾಗರಾಜಪ್ಪ."

"ಯಾ... ಯಾರ್ರೀ?"

"ಕೂಡಿಸಿ ಕರಿಯೋ... ತುಂಡಾಗೈತೆ."

ಲೋಳೆ ಹಿಡಿದ ತೋಳೊಂದು ಭೀಮೇಶನ ಕೊರಳಿಗೆ ಬಿತ್ತು. "ಈ ಕೋಟು ಬಿಚ್ಚೋ... ಕುತ್ತಿಗೆ ಬಿಗಿತೈತೆ."

ಅವನು ವಾಂತಿ ಮಾಡಿಕೊಳ್ಳುತ್ತಲೇ ಮನೆಯವರೆಗೂ ಓಡಿದ.

ಬೆಳಿಗ್ಗೆ ರುದ್ರಾಣಿ ಬಂದಳು. ಅವನು ಬೇಡ ಬೇಡ ಅನ್ನುತ್ತಿದ್ದರೂ ಸುರುಳಿ ಕಿತ್ತುಕೊಂಡು ಬಿಚ್ಚಿದಳು. ಓದಿದಳು.

"ನಮ್ಮಪ್ಪ ಯಾವಾಗ ಊರಾದ?"

ಅಳಲಿಲ್ಲ. ಹೇಸಿಗೆ ತುಳಿದವಳ ಹಾಗೆ ಅವನ ಮುಖ ನೋಡಿದಳು, ಅಷ್ಟೆ. ಆದರೆ ಚಿತ್ರದಲ್ಲಿ ಇವನು ತೊಡಿಸಿದ್ದ ಕೋಟು ಮಾಯವಾಗಿ, ನಾಗರಾಜಪ್ಪ ಮತ್ತೆ ಬರಿಮೈಯಲ್ಲಿದ್ದ. ಸುರುಳಿಯೊಳಗಿಂದ ಏನೋ ಪಚ್ಚೆಂದು ನೆಲಕ್ಕೆ ಬಿತ್ತು. ಕರೀ ಕೋಟು... ನಿಜವಾದ ಬಟ್ಟೆ, ಕೆರೆಯ ಕೆಸರು ಸೋರುತ್ತಿತ್ತು.

ಸುಳ್ಳು ಅನ್ನಿಸಿದರೆ ರುದ್ರಾಣಿಯನ್ನೇ ಕೇಳಿ, ಕೋಲಿನಿಂದ ಅದನ್ನು ಮಗುಚಿ ಹಾಕಿದವಳು ಅವಳೇ. ಫೋಟೋದಲ್ಲಿ ಕಾಣುವ ಮುಂಭಾಗ ಮಾತ್ರ ಇತ್ತು. ಬೆನ್ನಿರಲಿಲ್ಲ.