ಎರಡನೇ ಗುಟುಕು

ರಾತ್ರಿ ಹನ್ನೊಂದೂವರೆ. ನಮ್ಮತ್ತೆ ಮಗ, ಅಂದ್ರೆ ಭಾವ, ಅಂಗಡಿ ಶಟರ್ ಗರ್ರ್ ಅಂತ ಎಳೆದು, ಹಳೇ ಬಾವಿ ದಾರೀಲಿ ಮನೆಗೆ ಹೊರಟಿದ್ದ. ನಾನು ಬುರುಡೆ ಬಿಡೋನೇ, ಒಪ್ಕೋತೀನಿ. ಇದು ಮಾತ್ರ ಬುರುಡೆ ಅಲ್ಲ.

ಭಾವ ಟೈಲರ್. ಎರಡು ವರ್ಷದಿಂದ ತಿಂದದ್ದು ಗಂಟಲು ದಾಟುತ್ತೆ, ಹೊಟ್ಟೆಗೆ ಇಳಿಯಲ್ಲ. ಎದೇಲಿ ನಿಂತು ವಾಪಸ್ ಬರುತ್ತೆ. ಒಣಗಿ ಒಣಗಿ ತನ್ನ ಟೇಪಿನಷ್ಟೇ ಅಗಲ ಆಗಿದ್ದ. ಮಲಗಿದ್ರೆ ಕುಡಿದ ನೀರು ಎದೆಯೊಳಗೆ ಗುಳು... ಗುಳು... ಅನ್ನೋದು. ಪಕ್ಕದಲ್ಲಿ ಮಲಗೋ ನನಗೆ ನಿದ್ದೆ ಇಲ್ಲ.

ಮರುದಿನ ಬೆಳಗ್ಗೆ ಆಪರೇಶನ್. ಅನ್ನನಾಳದ ಕೆಳತುದಿಯ ಸ್ನಾಯು ಬಿಗಿದುಕೊಂಡಿದೆ, ಅದನ್ನ ಕೊಯ್ದು ಸಡಿಲಿಸ್ತೀವಿ ಅಂದಿದ್ರು ಡಾಕ್ಟರು.

"ಬಿಗಿ ಸೊಂಟಪಟ್ಟಿ ಬಿಚ್ಚಿದಂಗೆ ಅನ್ನಿ," ಅಂದ ಭಾವ.

ಡಾಕ್ಟರು ನಗಲಿಲ್ಲ. "ಹಿಂದಿನ ಸಂಜೆಯಿಂದ ಹನಿ ನೀರೂ ಕುಡೀಬೇಡಪ್ಪ. ಪ್ರಜ್ಞೆ ತಪ್ಪಿಸಿದಾಗ ಆ ನೀರು ಶ್ವಾಸಕೋಶಕ್ಕೆ ನುಗ್ಗಿದ್ರೆ ನೀನು ಏಳಲ್ಲ."

ಆ ರಾತ್ರಿ ಭಾವ ಬಾವಿ ಹತ್ರ ಬಂದ. ಚಪ್ಪಲಿ ಸದ್ದು ಬಿಟ್ರೆ ಏನಿಲ್ಲ. ಆಮೇಲೆ...

ಗುಳು... ಗುಳು...

ತನ್ನ ಎದೆ ಮುಟ್ಟಿ ನೋಡಿಕೊಂಡ. ಅವನದಲ್ಲ.

ಕಟ್ಟೆ ಮೇಲೆ ಒಬ್ಬ ಹೆಂಗಸು. ಚೆಂಬಿನಿಂದ ಕುಡೀತಾಳೆ, ಬಾಯಿಂದ ಹಂಗೇ ವಾಪಸ್ ಸುರಿಯುತ್ತೆ.

"ಇಳೀತಿಲ್ಲಪ್ಪ..."

ಭಾವನಿಗೆ ಹೆದರಿಕೆ ಆಗಲಿಲ್ಲ, ಕರುಳು ಚುರುಕ್ ಅಂತು. ಒಂದೇ ದೋಣಿಯವರು ಸಿಕ್ಕಿದ್ರಲ್ಲ.

"ಆಪರೇಶನ್ ಮಾಡಿಸ್ಕೊಳ್ಳಿ ಅಮ್ಮ. ನಂದು ನಾಳೆ."

"ನಂದೂ ನಾಳೆ ಇತ್ತು."

"ಇತ್ತು... ಅಂದ್ರೆ?"

"ದಾಹ ತಡೀಲಿಲ್ಲ. ಹಿಂದಿನ ರಾತ್ರಿ ಒಂದೇ ಗುಟುಕು ಕುಡಿದೆ."

ಆಗ ನೋಡಿದ. ಅಷ್ಟು ನೀರು ಚೆಲ್ಲಿತ್ತಲ್ಲ... ಕಲ್ಲು ಒಣಗೇ ಇತ್ತು.

ಕಾಲು ಕೀಳೋಕಾಗಲಿಲ್ಲ. ಅವಳು ಚೆಂಬು ಚಾಚಿದಳು. "ತಗೋ."

"ಬೇಡಮ್ಮ."

"ದಾಹ ಇಲ್ವಾ?"

ಇತ್ತು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆದ್ರೂ ಇಲ್ಲ ಅಂತ ತಲೆ ಅಲ್ಲಾಡಿಸಿದ.

"ಹೋಗಲಿ. ನಿನಗೆ ಇಳಿಯೋ ಹಂಗಾದ್ಮೇಲೆ... ನನಗೂ ಕುಡಿಸ್ತೀಯಾ?"

ಬಿಟ್ರೆ ಸಾಕು ಅಂತ "ಆಯ್ತು" ಅಂದುಬಿಟ್ಟ. ಎದ್ನೋ ಬಿದ್ನೋ ಅಂತ ಮನೆಗೆ ಓಡಿ ಬಂದ.

ಬೆಳಗ್ಗೆ ಆಸ್ಪತ್ರೆಗೆ ಹೋಗ್ತಾ ನನ್ನ ಕಿವೀಲಿ ಹೇಳಿದ. "ಒಣಗಂಟಲಿಗೆ ತಲೆ ಕೆಟ್ಟಿದೆ ಭಾವ," ಅಂತ ನಕ್ಕೆ. ಅವನು ನಗಲಿಲ್ಲ.

ಆಪರೇಶನ್ ಸಲೀಸಾಗಿ ಆಯ್ತು. ಮರುದಿನ ಬಿಳೀ ಔಷಧ ಕುಡಿಸಿ ಎಕ್ಸ್‌ರೇ ತೆಗೆದ್ರು. ಎಲ್ಲೂ ನಿಲ್ಲದೆ ನೇರ ಹೊಟ್ಟೆಗೆ. ಅತ್ತೆ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. "ನಿಧಾನ ಮಗಾ."

ಗುಟುಕ್.

ಇಳೀತು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಭಾವ ಲೋಟ ಪಕ್ಕಕ್ಕಿಟ್ಟ.

ಗುಟುಕ್.

ಅತ್ತೆ ತಿರುಗಿ ನನ್ನ ತಲೆಗೆ ಮೊಟಕಿದಳು. "ಇಲ್ಲೂ ನಿನ್ನ ಕೋತಿಚೇಷ್ಟೆನಾ, ಮುಂಡೇದೆ."

ಭಾವ ನನ್ನ ಮುಖ ನೋಡಿದ. ಬೆಳ್ಳಗೆ ಬಿಳಿಚಿಕೊಂಡಿದ್ದ.

ನನ್ನಾಣೆ, ನಾನಲ್ಲ. ಆಗ ನನ್ನ ಬಾಯ್ತುಂಬ ಬನ್ನು. ಸದ್ದು ಬಂದದ್ದು... ಮಂಚದ ಕೆಳಗಿಂದ.