ದಾನಕ್ಕೆ ಇಟ್ಟ ಮುಲಾಮು

ಒಂದು ಊರು. ಆ ಊರಲ್ಲಿ ಪದ್ಮರಾಜಯ್ಯ ಅಂತ ಒಬ್ಬ ಶ್ರೀಮಂತ. ಗಿಡಮೂಲಿಕೆ ಔಷಧಿ ಮಾಡೋ ಕಾರ್ಖಾನೆ ಅವನದು. ಬೇವು, ಅರಿಶಿನ ಹಾಕಿ ಮಾಡಿದ ಅವನ ಗಾಯದ ಮುಲಾಮು ಅಂದ್ರೆ ಸುತ್ತಲಿನವರಿಗೆಲ್ಲ ನಂಬಿಕೆ. ದಾನಿ ಬೇರೆ. ವರ್ಷಕ್ಕೊಮ್ಮೆ ಬಡವರಿಗೆ ಸಾವಿರ ಡಬ್ಬಿ ಉಚಿತವಾಗಿ ಹಂಚೋನು. ಒಳ್ಳೆಯವನೇ ಅಲ್ವೇ? ನೀವೂ ನಾನೂ ಹಾಗೇ ಅಂತೀವಿ.

ಅವನ ಪ್ರಯೋಗಾಲಯದಲ್ಲಿ ನಫೀಸಾ ಅನ್ನೋ ಹೆಣ್ಣುಮಗಳು. ಅವಳ ಕೆಲಸ ಏನು? ನೋಡಿ, ಗಾಜಿನ ತಟ್ಟೆಯಲ್ಲಿ ರೋಗಾಣು ಬೆಳೆಸ್ತಾಳೆ. ನಡುವೆ ಚೂರು ಔಷಧಿ ಇಡ್ತಾಳೆ. ಔಷಧಿಯಲ್ಲಿ ಸತ್ವ ಇದ್ರೆ, ಮಾರನೇ ದಿನ ಅದರ ಸುತ್ತ ರೋಗಾಣು ಇರಲ್ಲ, ಬಯಲಾಗಿರುತ್ತೆ. ಔಷಧಿ ಶುದ್ಧವೋ ಅಲ್ಲವೋ ಅಂತ, ರೋಗಾಣು ಹಾಕದ ಇನ್ನೊಂದು ತಟ್ಟೆಯಲ್ಲಿ ಔಷಧಿ ಮಾತ್ರ ಇಟ್ಟು ನೋಡ್ತಾಳೆ.

ಆ ವರ್ಷ ದಾನದ ಡಬ್ಬಿಗಳು ಲಾರಿ ಹತ್ತುತ್ತಿದ್ದ ಬೆಳಗ್ಗೆ, ನಫೀಸಾ ಎರಡು ತಟ್ಟೆ ಹಿಡ್ಕೊಂಡು ಓಡಿ ಬಂದಳು.

"ಸಾರ್, ಲಾರಿ ನಿಲ್ಲಿಸಿ! ಈ ಮುಲಾಮು ಏನನ್ನೂ ಕೊಲ್ತಿಲ್ಲ. ಮುಲಾಮಿನೊಳಗಿಂದಲೇ ರೋಗಾಣು ಎದ್ದು ಬೆಳೀತಿವೆ."

"ಮಾರೋ ಮಾಲಲ್ಲಮ್ಮ ಅದು, ಪುಕ್ಕಟೆ ಕೊಡೋದು. ಅದನ್ನ ಪರೀಕ್ಷೆ ಮಾಡು ಅಂತ ನಿಂಗೆ ಯಾರು ಹೇಳಿದ್ರು? ಮಾಲು ಹೊರಡೋ ಕಾಗದಕ್ಕೆ ಸಹಿ ಹಾಕು," ಅಂದ ಪದ್ಮರಾಜಯ್ಯ.

ಆ ಬೆಳಗ್ಗೆ ಪೆಟ್ಟಿಗೆಯ ತಗಡು ತಾಗಿ ಅವನ ಅಂಗೈ ಕುಯ್ದುಹೋಗಿತ್ತು. ನಫೀಸಾ ಒಂದು ಡಬ್ಬಿ ತೆರೆದು ಮುಂದೆ ಹಿಡಿದಳು. "ನಿಮ್ಮ ಕೈಗೆ ಹಚ್ಕೊಳ್ಳಿ ಸಾರ್. ಈಗಲೇ ಸಹಿ ಹಾಕ್ತೀನಿ."

ಹಮಾಲರು ಹೊತ್ತ ಪೆಟ್ಟಿಗೆ ಇಳಿಸದೆ ನಿಂತರು. ಅವನ ಬೆರಳು ಡಬ್ಬಿ ಹತ್ತಿರ ಹೋಯ್ತು. ನಿಂತುಬಿಡ್ತು. ಯಾಕೆ ನಿಂತಿತು? ಅವನಿಗೆ ಗೊತ್ತಿತ್ತು! ಗೋದಾಮಿಗೆ ನೀರು ನುಗ್ಗಿ ಬೂಷ್ಟು ಹಿಡಿದ ಬೇವು-ಅರಿಶಿನದ ಮೂಟೆಗಳನ್ನ ಬೇರೆ ಇಡಿಸಿ, 'ದಾನಕ್ಕೆ ತಾನೆ, ಸಾಕು' ಅಂದವನು ಅವನೇ.

"ಎಲ್ಲಾನೂ ಇಳಿಸಿ," ಅಂದ. ಅಂದವನಿಗೆ ತಟ್ಟನೆ ಏನೋ ನೆನಪಾಯ್ತು. "ನಫೀಸಾ, ಇದರಲ್ಲಿ ಒಂದು ಡಬ್ಬಿ ನಾಲ್ಕು ದಿನದ ಹಿಂದೆ ನಾನೇ ಕೊಟ್ಟಿದ್ದೀನಿ. ಬೀದಿ ಗುಡಿಸೋ ಚೌಡಮ್ಮನಿಗೆ. ಸಕ್ಕರೆ ಕಾಯಿಲೆ ಅವಳಿಗೆ. ಕಾಲಲ್ಲಿ ಗಾಯ."

ಇಬ್ಬರೂ ಓಡಿದ್ರು. ಚೌಡಮ್ಮನ ಪಾದ ಊದಿತ್ತು. ಹೆಬ್ಬೆರಳು ಕಪ್ಪಗಾಗಿತ್ತು, ಮೈ ಸುಡ್ತಿತ್ತು. ಆಸ್ಪತ್ರೆಗೆ ಎತ್ಕೊಂಡು ಹೋದ್ರು. ಜೀವ ಉಳೀತು. ಬೆರಳು ಉಳೀಲಿಲ್ಲ.

"ಉರಿ ಶುರುವಾದಾಗಲೇ ಯಾಕಮ್ಮ ಹೇಳಿ ಕಳಿಸಲಿಲ್ಲ?" ಅಂತ ಕೇಳಿದ ಅವನು.

"ನಿಮ್ಮ ಔಷಧಿ ಅಲ್ವಾ ಸ್ವಾಮಿ? ಕೆಲಸ ಮಾಡ್ತಿದೆ ಅಂದ್ಕೊಂಡೆ. ಇನ್ನೂ ಜಾಸ್ತಿ ಹಚ್ಚಿದೆ. ತಡ್ಕೊಂಡೆ."

ಕೇಳಿಸ್ಕೊಂಡ್ರಾ? ತಡ್ಕೊಂಡಳಂತೆ!

ಅವನು ಮಂಚದ ಪಕ್ಕ ನೆಲದ ಮೇಲೆ ಕೂತು ನಿಜ ಹೇಳಿದ. ಚೌಡಮ್ಮ ಗೋಡೆ ಕಡೆ ಮುಖ ತಿರುಗಿಸಿದಳು.

ಅಯ್ಯೋ ಪಾಪಿ ಅಂತ ಅವನನ್ನ ಬೈಬೇಡಿ. ನಿಮ್ಮನ್ನೇ ಕೇಳ್ತೀನಿ. ಮನೆ ಕೆಲಸದವಳಿಗೆ ಕೊಡೋ ಸಾರು ಯಾವತ್ತಿಂದು? ಆಶ್ರಮಕ್ಕೆ ಅಂತ ಎತ್ತಿಟ್ಟ ಮಾತ್ರೆಗಳ ತಾರೀಖು ನೋಡಿದ್ದೀರಾ? ನೋಡಿ, ಇಲ್ಲದವರು ಪರೀಕ್ಷೆ ಮಾಡಲ್ಲ, ನಂಬ್ತಾರೆ. ಅದಕ್ಕೇ ಪರೀಕ್ಷೆ ಮಾಡಬೇಕಾದವರು ನೀವು. ಇವತ್ತು ಮನೆಗೆ ಹೋದ ತಕ್ಷಣ, ಕೊಡೋಕೆ ಅಂತ ಕಟ್ಟಿಟ್ಟ ಗಂಟು ಬಿಚ್ಚಿ. ಮೂಸಿ. ತಾರೀಖು ಓದಿ. ನಿಮ್ಮ ಮಕ್ಕಳಿಗೆ ಕೊಡಲಾಗದ್ದನ್ನ ಕಸದ ಗುಂಡಿಗೆ ಹಾಕಿ. ಆಮೇಲೆ ಒಳಗೆ ಹೋಗಿ, ಮಕ್ಕಳಿಗೆ ಅಂತ ಇಟ್ಟಿದ್ದರಲ್ಲೇ ಒಂದು ಪಾಲು ತೆಗೆದು ತನ್ನಿ.